ಲಿಸಿಯನ್ ದಾರಿಯಲ್ಲಿ ಏಳು ದಿನ: ನೀರಿನಿಂದ ನೀರಿಗೆ ನಡೆಯುವ ಕ್ರಮ

ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೇ ನನ್ನ ಎರಡು ಲೀಟರ್ ನೀರು ಮುಗಿದಿತ್ತು. ಕೆಳಗೆ ಕಣ್ಣು ಹಾಯಿಸಿದಷ್ಟೂ ಸಮುದ್ರ, ಸುತ್ತ ಒತ್ತಾಗಿ ಬೆಳೆದ ಪೈನ್ ಮರಗಳು, ಆದರೆ ಎಲ್ಲಿಯೂ ನೀರು ಹರಿಯುವ ಸದ್ದಿಲ್ಲ. ಕುಮಾರಪರ್ವತ, ಕೊಡಚಾದ್ರಿ ಹತ್ತಿದ ರೂಢಿಯಲ್ಲಿ, ಕಾಡಿದ್ದ ಮೇಲೆ ಹಳ್ಳವೂ ಇರಲೇಬೇಕು ಎಂದು ನಂಬಿ ಹೊರಟಿದ್ದೆ. ಟರ್ಕಿಯ ನೈಋತ್ಯ ಕರಾವಳಿಯ ಬೆಟ್ಟಗಳು ಆ ನಂಬಿಕೆಯನ್ನು ಅರ್ಧ ದಿನದಲ್ಲೇ ಬಿಡಿಸಿದವು. ಮುಂದೆ ಬರೆದಿರುವುದೆಲ್ಲ ಆ ಪಾಠದಿಂದ ಶುರುವಾದದ್ದು. ಮೆಡಿಟರೇನಿಯನ್ ಕಾಡಿನಲ್ಲಿ ನಡೆಯುವವರು ಊರಿನಿಂದ ಊರಿಗೆ ಎಂದು ಯೋಜನೆ ಹಾಕಬಾರದು, ನೀರಿನಿಂದ ನೀರಿಗೆ ಎಂದು ಹಾಕಬೇಕು.

ಲಿಸಿಯನ್ ದಾರಿ, ಅಲ್ಲಿಯವರ ಬಾಯಲ್ಲಿ ‘ಲಿಕ್ಯಾ ಯೋಲು’, ಫೆತಿಯೆ ಪಟ್ಟಣದ ಹತ್ತಿರದ ಓವಾಜಿಕ್‌ನಿಂದ ಅಂತಾಲ್ಯದ ಸಮೀಪದವರೆಗೆ ಸುಮಾರು 540 ಕಿ.ಮೀ. ಸಾಗುತ್ತದೆ. ಟರ್ಕಿಯಲ್ಲಿ ನೆಲೆಸಿದ ಬ್ರಿಟಿಷ್ ಮೂಲದ ಕೇಟ್ ಕ್ಲೋ ಅವರು ಹಳೆಯ ಹೇಸರಗತ್ತೆ ದಾರಿಗಳನ್ನೂ ಕುರಿಗಾಹಿಗಳ ಜಾಡುಗಳನ್ನೂ ಹುಡುಕಿ ಜೋಡಿಸಿದ ಈ ಮಾರ್ಗ 1999ರಲ್ಲಿ ತೆರೆದುಕೊಂಡಿತು. ಪೂರ್ತಿ ನಡೆಯಲು ಒಂದು ತಿಂಗಳು ಬೇಕು. ಅಷ್ಟು ರಜೆ ಇಲ್ಲದವರಿಗಾಗಿ ಇಲ್ಲಿ ಏಳು ದಿನದ ಕ್ರಮವನ್ನು ಕೊಡುತ್ತಿದ್ದೇನೆ: ಪಶ್ಚಿಮದಲ್ಲಿ ನಾಲ್ಕು ದಿನ, ಪೂರ್ವದಲ್ಲಿ ಎರಡು ದಿನ, ನಡುವೆ ಒಂದು ದಿನ ಬಸ್ ಪ್ರಯಾಣ. ಮಧ್ಯದ ಬಯಲಿನಲ್ಲಿ ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಮನೆಗಳ ನಡುವೆ ಡಾಂಬರು ರಸ್ತೆ ತುಳಿಯುವ ಭಾಗವನ್ನು ಬಿಟ್ಟರೆ ನಷ್ಟವೇನಿಲ್ಲ.

ಮೊದಲ ಹೆಜ್ಜೆ: ತಿಂಗಳು ಆರಿಸುವುದು

ಇಲ್ಲಿ ನಮ್ಮ ಮಳೆಗಾಲದ ಲೆಕ್ಕ ತಲೆಕೆಳಗಾಗುತ್ತದೆ. ಮಳೆ ಬೀಳುವುದು ಚಳಿಗಾಲದಲ್ಲಿ, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಬಹುಮಟ್ಟಿಗೆ ಒಣಗಿರುತ್ತದೆ. ಆ ತಿಂಗಳುಗಳಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ, ಬಂಡೆ ಕಾಯುತ್ತದೆ, ಕಾಳ್ಗಿಚ್ಚಿನ ಭಯ ಹೆಚ್ಚುತ್ತದೆ. 2021ರ ಬೇಸಿಗೆಯಲ್ಲಿ ಮಾನವ್‌ಗಾತ್, ಮಾರ್ಮಾರಿಸ್ ಸುತ್ತಲಿನ ಕಾಡುಗಳು ದಿನಗಟ್ಟಲೆ ಉರಿದವು. ಬೇಸಿಗೆಯಲ್ಲಿ ಪ್ರಾಂತ್ಯದ ಆಡಳಿತ ಕಾಡಿನ ಪ್ರವೇಶವನ್ನೇ ನಿಷೇಧಿಸುವುದೂ ಉಂಟು. ಆದ್ದರಿಂದ ಜೂನ್‌ನಲ್ಲಿ ಹೋಗುವ ಆಲೋಚನೆ ಬೇಡ.

ಒಳ್ಳೆಯ ಕಾಲ ಎರಡು. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಒಂದು, ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಇನ್ನೊಂದು. ನನ್ನ ಆಯ್ಕೆ ಏಪ್ರಿಲ್. ಚಳಿಗಾಲದ ಮಳೆಯಿಂದ ತೊಟ್ಟಿಗಳು ತುಂಬಿರುತ್ತವೆ, ಗದ್ದೆಯ ಅಂಚಿನಲ್ಲಿ ಕೆಂಪು ಹೂವು ಅರಳಿರುತ್ತದೆ, ಹಗಲೂ ಉದ್ದ. ಅಕ್ಟೋಬರ್‌ನಲ್ಲಿ ಸಮುದ್ರದ ನೀರು ಬೆಚ್ಚಗಿದ್ದು ಈಜಲು ಸೊಗಸು. ಆದರೆ ಬೇಸಿಗೆ ಕಳೆದ ತೊಟ್ಟಿಗಳಲ್ಲಿ ತಳ ಕಾಣುತ್ತಿರುತ್ತದೆ. ನವೆಂಬರಿನಲ್ಲಿ ಸಂಜೆ ಆರರ ಸುಮಾರಿಗೇ ಸೂರ್ಯ ಮುಳುಗುವುದರಿಂದ ಬೆಳಿಗ್ಗೆ ಬೇಗ ಹೊರಡದೆ ಗತಿಯಿಲ್ಲ.

ಎರಡನೆಯದು: ಕಾಗದಪತ್ರ ಮತ್ತು ತಲುಪುವ ಬಗೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಹೊಂದಿರುವವರು ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಯುರೋಪಿನಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಇದು ಸುಲಭ. ಉಳಿದವರು ಎರಡು ತಿಂಗಳು ಮೊದಲೇ ಮಾಮೂಲಿ ವೀಸಾದ ಕೆಲಸ ಶುರು ಮಾಡಲಿ. ಇಸ್ತಾಂಬುಲ್‌ನಿಂದ ದಲಮಾನ್‌ಗೆ ಒಳನಾಡಿನ ವಿಮಾನ, ಅಲ್ಲಿಂದ ಫೆತಿಯೆಗೆ ಬಸ್. ಮರಳುವಾಗ ಅಂತಾಲ್ಯದಿಂದ ಹಾರಿದರೆ ಬಂದ ದಾರಿಯನ್ನೇ ಮತ್ತೆ ತುಳಿಯುವ ಶ್ರಮ ತಪ್ಪುತ್ತದೆ.

ಊರೂರು ಸುತ್ತುವ ಸಣ್ಣ ಬಸ್ಸಿಗೆ ಡೋಲ್ಮುಶ್ ಎನ್ನುತ್ತಾರೆ. ನಮ್ಮ ಕರಾವಳಿಯ ಸರ್ವಿಸ್ ಬಸ್ ಇದ್ದ ಹಾಗೆ, ಕೈ ತೋರಿಸಿದಲ್ಲಿ ನಿಲ್ಲುತ್ತದೆ.

ಮೂರನೆಯದು: ಚೀಲ ಕಟ್ಟುವುದು

ರಾತ್ರಿ ತಂಗಲು ಹಳ್ಳಿಗಳಲ್ಲಿ ‘ಪಾನ್ಸಿಯೋನ್’ ಎಂಬ ಮನೆವಸತಿಗಳಿವೆ. ರಾತ್ರಿಯೂಟ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತವೆ. ಹಾಗಾಗಿ ಈ ಏಳು ದಿನಕ್ಕೆ ಡೇರೆ, ಒಲೆ ಹೊರುವ ಅಗತ್ಯವಿಲ್ಲ. ಒಲೆ ಬೇಕೇಬೇಕು ಎನ್ನುವವರು ಗ್ಯಾಸ್ ಡಬ್ಬಿಯನ್ನು ಫೆತಿಯೆಯಲ್ಲಿಯೇ ಕೊಳ್ಳಬೇಕು, ವಿಮಾನದಲ್ಲಿ ಒಯ್ಯುವಂತಿಲ್ಲ. ನೀರು ಬಿಟ್ಟು ಚೀಲದ ತೂಕ ಏಳೆಂಟು ಕಿಲೋ ಮೀರದಿರಲಿ, ಯಾಕೆಂದರೆ ನೀರಿನದೇ ಮೂರು, ಕೆಲವು ದಿನ ಐದು ಕಿಲೋ ಆಗುತ್ತದೆ.

ಶೂಗಳ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಈ ಬೆಟ್ಟಗಳೆಲ್ಲ ಬಹುಪಾಲು ಸುಣ್ಣಕಲ್ಲು. ಮಳೆ ಕೊರೆದ ಕಡೆ ಅದು ಕತ್ತಿಯ ಅಲಗಿನಂತೆ ಚೂಪು, ನೂರಾರು ವರ್ಷ ಗೊರಸು ತುಳಿದ ಕಡೆ ಗಾಜಿನಂತೆ ನುಣುಪು. ನಮ್ಮ ಕಾಡಿನ ಕೆಮ್ಮಣ್ಣಿಗೆ ಒಗ್ಗಿದ ಮೆತ್ತನೆಯ ಅಟ್ಟೆ ಇಲ್ಲಿ ಮೂರೇ ದಿನದಲ್ಲಿ ಹರಿಯುತ್ತದೆ. ಗಟ್ಟಿ ಅಟ್ಟೆಯ, ಕಾಲ್ಬೆರಳ ಮುಂದೆ ರಬ್ಬರಿನ ಕಾಪು ಇರುವ ಶೂ ತೆಗೆದುಕೊಂಡು, ಹೊರಡುವ ಮೊದಲು ಕನಿಷ್ಠ ಐವತ್ತು ಕಿ.ಮೀ. ನಡೆದು ಪಳಗಿಸಿರಿ. ಪ್ಯಾಂಟು ಉದ್ದವಿರಲಿ. ದಾರಿಯ ಇಕ್ಕೆಲದಲ್ಲಿ ಬೆಳೆಯುವ ಕೆರ್ಮೆಸ್ ಓಕ್ ಪೊದೆಯ ಎಲೆಯ ಅಂಚಿಗೆಲ್ಲ ಮುಳ್ಳು. ಗಿಡ್ಡ ಚಡ್ಡಿಯಲ್ಲಿ ಅದರ ನಡುವೆ ಹಾದರೆ ಮೊಣಕಾಲಿನ ಕೆಳಗೆ ಗೀರುಗಳು ತುಂಬುತ್ತವೆ. ಊರುಗೋಲು ಎರಡು, ತಲೆಗೆ ಕಟ್ಟುವ ಟಾರ್ಚ್ ಒಂದು, ನೀರು ಸೋಸುವ ಫಿಲ್ಟರ್ ಒಂದು, ಒಗೆದ ತೆಳು ಬಟ್ಟೆಯ ತುಂಡು, ನಾಲ್ಕೈದು ಮೀಟರ್ ಹಗ್ಗ. ಹಗ್ಗ ಯಾಕೆಂದು ಈಗ ಹೇಳುತ್ತೇನೆ.

ನಾಲ್ಕನೆಯದು: ನೀರನ್ನು ಗುರುತಿಸುವುದು

ಸುಣ್ಣಕಲ್ಲಿನ ಬೆಟ್ಟ ಮಳೆನೀರನ್ನು ಮೇಲೆ ಉಳಿಸಿಕೊಳ್ಳುವುದಿಲ್ಲ. ಬಿದ್ದ ನೀರು ಬಿರುಕುಗಳಲ್ಲಿ ಇಳಿದು, ಒಳಗೊಳಗೇ ಹರಿದು, ಎಷ್ಟೋ ಕಡೆ ಸಮುದ್ರದ ಮಟ್ಟದಲ್ಲಿಯೇ ಹೊರಬರುತ್ತದೆ. ಇನ್ನೂರು ಮೀಟರ್ ಮೇಲೆ ನಡೆಯುವವನ ಪಾಲಿಗೆ ಅದು ಇದ್ದೂ ಇಲ್ಲದಂತೆ. ಈ ನೆಲದ ಜನ ಹಿಂದಿನಿಂದಲೂ ಮಳೆಯನ್ನು ಬಿದ್ದಲ್ಲಿಯೇ ಹಿಡಿದಿಟ್ಟು ಬದುಕಿದವರು. ಅದರ ಸಾಕ್ಷಿಯೇ ದಾರಿಯುದ್ದಕ್ಕೂ ಸಿಗುವ ‘ಸರ್ನಿಚ್’.

ಸರ್ನಿಚ್ ಎಂದರೆ ಮಳೆನೀರಿನ ಸಂಪು. ಮೇಲೆ ಕಲ್ಲಿನ ಗುಮ್ಮಟ, ಬದಿಗೆ ಒಬ್ಬ ಆಳು ಬಗ್ಗಿ ಇಣುಕುವಷ್ಟು ಕಿಂಡಿ, ಒಳಗೆ ನೆಲಕ್ಕಿಂತ ತಗ್ಗಿನಲ್ಲಿ ಕಪ್ಪಗೆ ತಣ್ಣಗೆ ನಿಂತ ನೀರು. ಸುತ್ತಲಿನ ಇಳಿಜಾರಿನಲ್ಲಿ ಹರಿದು ಬರುವ ಮಳೆನೀರು ಸಣ್ಣ ಕಾಲುವೆಯಿಂದ ಒಳಸೇರುವ ಏರ್ಪಾಡು ಇರುತ್ತದೆ. ನಾನು ಮೊದಲು ಕಂಡ ಸಂಪಿನ ಕಿಂಡಿಯ ಅಂಚಿನಲ್ಲಿ ಬೆರಳು ಹೂಳುವಷ್ಟು ಆಳದ ಗೀರುಗಳಿದ್ದವು, ಹಗ್ಗ ಉಜ್ಜಿ ಉಜ್ಜಿ ಆದವು. ನಮ್ಮ ಊರಿನ ಹಳೆಯ ಬಾವಿಕಟ್ಟೆಯ ಕಲ್ಲನ್ನು ನೋಡಿದವರಿಗೆ ಆ ಗುರುತು ಚೆನ್ನಾಗಿ ಗೊತ್ತು. ಕೆಲವು ಕಡೆ ತಗಡಿನ ಡಬ್ಬಕ್ಕೆ ಹಗ್ಗ ಕಟ್ಟಿ ಇಟ್ಟಿರುತ್ತಾರೆ. ಇಲ್ಲದ ಕಡೆಗೆ ನಿಮ್ಮ ಹಗ್ಗ, ನಿಮ್ಮ ಬಾಟಲಿ. ಬಾಟಲಿಯ ಕುತ್ತಿಗೆಗೆ ಹಗ್ಗ ಬಿಗಿದು, ಜೊತೆಗೊಂದು ಸಣ್ಣ ಕಲ್ಲು ಕಟ್ಟಿದರೆ ಅದು ತೇಲದೆ ಮುಳುಗುತ್ತದೆ.

ತೆಗೆದ ನೀರನ್ನು ಹಾಗೆಯೇ ಕುಡಿಯಬೇಡಿ. ಮೊದಲು ಬಟ್ಟೆಯಲ್ಲಿ ಸೋಸಿ ಎಲೆಯ ಚೂರು, ಹುಳ ತೆಗೆಯಿರಿ, ಆಮೇಲೆ ಫಿಲ್ಟರಿನಲ್ಲಿ ಹಾಯಿಸಿರಿ. ಮೇಕೆಗಳು ಅದರ ಸುತ್ತಲೇ ಮೇಯುತ್ತಿರುತ್ತವೆ. ಹಳ್ಳಿಯ ರಸ್ತೆಬದಿಯ ನಲ್ಲಿಗಳಿಗೆ ‘ಚೆಶ್ಮೆ’ ಎನ್ನುತ್ತಾರೆ. ಅವುಗಳ ನೀರನ್ನು ಊರಿನವರು ಕುಡಿಯುವುದು ಕಂಡರೆ ನೀವೂ ಕುಡಿಯಬಹುದು. ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ: “ಸು ವಾರ್ ಮಿ?” ಎಂದರೆ ನೀರಿದೆಯೇ, “ಇಚಿಲಿರ್ ಮಿ?” ಎಂದರೆ ಕುಡಿಯಬಹುದೇ. ಎದುರಾದ ಪ್ರತಿ ಕುರಿಗಾಹಿಯನ್ನೂ, ಎದುರಿನಿಂದ ಬರುವ ಪ್ರತಿ ಚಾರಣಿಗನನ್ನೂ ಇವನ್ನೇ ಕೇಳಿ. ಭೂಪಟದಲ್ಲಿ ನೀಲಿ ಚುಕ್ಕೆ ಇದ್ದ ಮಾತ್ರಕ್ಕೆ ಆ ವಾರ ಅಲ್ಲಿ ನೀರಿದೆ ಎಂದಲ್ಲ. ಇವತ್ತು ಬೆಳಿಗ್ಗೆ ಆ ದಾರಿಯಲ್ಲಿ ಬಂದವನ ಮಾತೇ ಪ್ರಮಾಣ.

ಲೆಕ್ಕ ಹೀಗಿರಲಿ: ನಡೆಯುವ ಪ್ರತಿ ಗಂಟೆಗೆ ಅರ್ಧ ಲೀಟರ್, ಅದರ ಮೇಲೆ ಒಂದು ಲೀಟರ್ ಆಪತ್ತಿಗೆ. ಮುಂದಿನ ತೊಟ್ಟಿ ಬತ್ತಿದೆ ಎಂದುಕೊಂಡೇ ಲೆಕ್ಕ ಹಾಕಿ. ಆಪತ್ತಿನ ಬಾಟಲಿಯನ್ನು ರಾತ್ರಿ ತಂಗುವ ಮನೆಯ ಬಾಗಿಲು ಕಾಣುವವರೆಗೂ ಮುಟ್ಟಬಾರದು.

ಐದನೆಯದು: ಗುರುತು ಓದುವುದು

ಬಂಡೆ, ಮರ, ಗೋಡೆಗಳ ಮೇಲೆ ಅಂಗೈ ಅಗಲದ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ ಬಳಿದಿರುತ್ತಾರೆ. ನೇರ ಪಟ್ಟಿ ಎಂದರೆ ದಾರಿ ಸರಿ. ಬಾಗಿದ ಪಟ್ಟಿ ಎಂದರೆ ತಿರುವು. ಕೆಂಪು ಗುಣಿಸು ಚಿಹ್ನೆ ಎಂದರೆ ಇತ್ತ ಹೋಗಬೇಡಿ. ರಸ್ತೆ ಕೂಡುವಲ್ಲಿ ದೂರ ಬರೆದ ಫಲಕಗಳಿವೆ. ಬಣ್ಣ ಮಾಸಿದ ಕಡೆ ಯಾರೋ ಕಲ್ಲಿನ ಮೇಲೆ ಕಲ್ಲಿಟ್ಟು ಸಣ್ಣ ಗೋಪುರ ಮಾಡಿರುತ್ತಾರೆ.

ದಾರಿ ತಪ್ಪಿಸುವುದು ಮೇಕೆಗಳ ಜಾಡು. ಇಳಿಜಾರಿನಲ್ಲಿ ಅವು ಓಡಾಡಿ ಮಾಡಿದ ಹತ್ತಾರು ಕಾಲುದಾರಿಗಳು ಒಂದಕ್ಕೊಂದು ಸಮವಾಗಿ ಸಾಗುತ್ತವೆ, ಎಲ್ಲವೂ ಅಸಲಿಯಂತೆಯೇ ಕಾಣುತ್ತವೆ. ಮೂರನೆಯ ದಿನ ತಲುಪುವ ಅಲಿಂಜಾ ಹಳ್ಳಿಯ ಹತ್ತಿರ ನಾನು ಅಂಥದ್ದೊಂದನ್ನು ಹಿಡಿದು ಮುಕ್ಕಾಲು ಗಂಟೆ ಇಳಿದೆ, ಕೊನೆಗೆ ಅದು ಕಡಲಿನ ಮೇಲೆ ಚಾಚಿದ ಬಂಡೆಯ ತುದಿಯಲ್ಲಿ ಮುಗಿಯಿತು. ವಾಪಸು ಹತ್ತಲು ಒಂದೂವರೆ ಗಂಟೆಯೂ ಒಂದು ಲೀಟರ್ ನೀರೂ ಖರ್ಚಾದವು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಐದು ನಿಮಿಷ ನಡೆದರೂ ಪಟ್ಟಿ ಕಾಣದಿದ್ದರೆ ಕೊನೆಯ ಪಟ್ಟಿ ಇದ್ದಲ್ಲಿಗೆ ಹಿಂತಿರುಗಬೇಕು. ಮುಂದೆ ಸಿಕ್ಕೀತು ಎಂಬ ಆಸೆಯಿಂದ ಇಳಿಯುತ್ತಾ ಹೋಗಬಾರದು. ಎದುರಿನಿಂದ ಬರುವವರಿಗಾಗಿ ಬಳಿದ ಪಟ್ಟಿ ಬಂಡೆಯ ಆಚೆ ಬದಿಯಲ್ಲಿರುತ್ತದೆ, ಆಗಾಗ ಹಿಂತಿರುಗಿ ನೋಡಿ. ಮೊಬೈಲಿನಲ್ಲಿ ದಾರಿಯ ಜಿಪಿಎಸ್ ಕಡತವನ್ನು ಮೊದಲೇ ಇಳಿಸಿಕೊಂಡಿರಿ, ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ.

ಆರನೆಯದು: ಪಶ್ಚಿಮದ ನಾಲ್ಕು ದಿನ

ಮೊದಲ ದಿನ ಓವಾಜಿಕ್‌ನಿಂದ ಫರಾಲ್ಯ, ಸುಮಾರು 14 ಕಿ.ಮೀ., ಆರೇಳು ಗಂಟೆ. 1969 ಮೀ. ಎತ್ತರದ ಬಾಬಾದಾ ಬೆಟ್ಟದ ಪಕ್ಕೆಯನ್ನು ಬಳಸಿ, ಕಲ್ಲು ಹಾಸಿದ ಹಳೆಯ ಹೇಸರಗತ್ತೆ ದಾರಿಯಲ್ಲಿ ಏರು. ಕೆಳಗೆ ಓಲುದೆನಿಜ್‌ನ ಕಡಲಕೊಲ್ಲಿ ಹಸಿರು, ನೀಲಿ, ಬಿಳಿ ಎಂದು ಮೂರು ಬಣ್ಣದಲ್ಲಿ ಬಿಚ್ಚಿಕೊಳ್ಳುತ್ತದೆ. ನೆರಳು ಕಡಿಮೆ, ಆದ್ದರಿಂದ ಏಳಕ್ಕೆ ಮೊದಲೇ ಹೊರಡಿ. ಏರು ಮುಗಿದ ಮೇಲೆ ಕೊಜಾಆಚ್, ಕಿರ್ಮೆ ಎಂಬ ಹಳ್ಳಿಗಳು ಬರುತ್ತವೆ, ಅಲ್ಲಿ ನೀರು ತುಂಬಿಕೊಳ್ಳಿ.

ಫರಾಲ್ಯದ ಕೆಳಗೆ ಚಿಟ್ಟೆಗಳ ಕಣಿವೆ ಎಂದು ಹೆಸರಾದ ಆಳವಾದ ಕೊರಕಲಿದೆ. ಹಳ್ಳಿಯಿಂದ ನೇರ ಇಳಿಯುವ ಹಗ್ಗದ ದಾರಿ ಅಪಾಯದ್ದು, ಜೀವಗಳು ಹೋಗಿವೆ. ಅದನ್ನು ಇಳಿಯಬೇಡಿ. ನೋಡಲೇಬೇಕೆಂದರೆ ಓಲುದೆನಿಜ್‌ನಿಂದ ದೋಣಿ ಇದೆ.

ಎರಡನೆಯ ದಿನ ಕಬಾಕ್‌ವರೆಗೆ ಏಳೆಂಟು ಕಿ.ಮೀ. ಮಾತ್ರ. ಮಧ್ಯಾಹ್ನದ ಹೊತ್ತಿಗೆ ಕಡಲತೀರ ತಲುಪಿ ಕಾಲಿಗೆ ವಿಶ್ರಾಂತಿ ಕೊಡಿ, ಯಾಕೆಂದರೆ ಮೂರನೆಯ ದಿನ ಕಡಲಮಟ್ಟದಿಂದ ಅಲಿಂಜಾಕ್ಕೆ ಏರಬೇಕು, ಏಳುನೂರು ಮೀಟರಿಗೂ ಹೆಚ್ಚು. ದೂರ ಕಡಿಮೆಯಾದರೂ ಉಸಿರು ಕಟ್ಟಿಸುವ ಏರು. ಈ ಏರಿನ ಕಾಡು ನನಗೆ ಇಡೀ ದಾರಿಯಲ್ಲೇ ಪ್ರಿಯವಾದದ್ದು. ಇಲ್ಲಿ ಕೆಂಪು ತೊಗಟೆಯ ಒಂದು ಮರ ಕಾಣುತ್ತದೆ. ಹಳೆಯ ತೊಗಟೆ ಕಾಗದದಂತೆ ಸುರುಳಿ ಸುತ್ತಿ ಉದುರುತ್ತದೆ, ಒಳಗಿನ ಮೈ ನುಣುಪು, ಬಿಸಿಲಿನಲ್ಲೂ ಮುಟ್ಟಿದರೆ ತಂಪು. ಟರ್ಕಿಯವರು ಇದನ್ನು ‘ಸಾಂದಾಲ್’ ಎನ್ನುತ್ತಾರೆ. ಗಂಧದ ನಾಡಿನಿಂದ ಹೋದವನಿಗೆ ಆ ಹೆಸರು ಕೇಳಿ ರೋಮಾಂಚನವಾಯಿತು, ಆದರೆ ಅದಕ್ಕೂ ನಮ್ಮ ಶ್ರೀಗಂಧಕ್ಕೂ ನಂಟಿಲ್ಲ, ಸುವಾಸನೆಯೂ ಇಲ್ಲ. ಪಲಾವಿಗೆ ಹಾಕುವ ಎಲೆಯ ಪಶ್ಚಿಮದ ಬಗೆಯಾದ ಲಾರೆಲ್, ಕಾಡು ಆಲಿವ್, ಕಪ್ಪು ಕೋಡಿನ ಹುಣಸೆಯಂಥ ಕಾಯಿ ಬಿಡುವ ಕ್ಯಾರೊಬ್ ಎಲ್ಲವೂ ಇಲ್ಲಿವೆ. ಕ್ಯಾರೊಬ್‌ನ ಒಣಕಾಯಿಯನ್ನು ಕಚ್ಚಿದರೆ ಬೆಲ್ಲದ ರುಚಿ. ಅದರಿಂದ ಅಲ್ಲಿಯ ಜನ ಕಾಕಂಬಿಯಂಥ ಪಾಕ ಕಾಯಿಸುತ್ತಾರೆ.

ನಾಲ್ಕನೆಯ ದಿನ ಅಲಿಂಜಾದಿಂದ ಗೆಯ್ ಹಳ್ಳಿಗೆ ಒಂಬತ್ತು ಕಿ.ಮೀ. ಸುಮಾರು, ಏಳು ಭೂಶಿರಗಳು ಒಂದರ ಹಿಂದೊಂದು ಕಡಲಿಗೆ ಚಾಚುವುದನ್ನು ನೋಡುತ್ತಾ. ಗೆಯ್‌ನಿಂದ ಸಾರಿಗೆ ಕಡಿಮೆ. ಹೆದ್ದಾರಿಗೆ ಬಿಡಲು ಯಾವುದಾದರೂ ವಾಹನ ಸಿಗುವುದೇ ಎಂದು ಮನೆವಸತಿಯವರನ್ನು ಹಿಂದಿನ ರಾತ್ರಿಯೇ ಕೇಳಿಡಿ.

ಊಟ, ಮಾತು

ಶಾಕಾಹಾರಿಗಳು ಹಸಿದು ಮಲಗಬೇಕಿಲ್ಲ. ಕೆಂಪು ಬೇಳೆಯ ಸಾರು, ಬುಲ್ಗುರ್ ಗೋಧಿಯ ಅನ್ನ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ, ಮೊಸರು, ಮಜ್ಜಿಗೆ, ಮತ್ತೆ ‘ಗೋಜ್ಲೆಮೆ’: ತೆಳುವಾಗಿ ಲಟ್ಟಿಸಿದ ರೊಟ್ಟಿಯೊಳಗೆ ಪಾಲಕ್ ಅಥವಾ ಚೀಸ್ ತುಂಬಿ ಮಡಚಿ, ಕಾದ ತಗಡಿನ ಮೇಲೆ ಬೇಯಿಸಿದ್ದು. “ಎತ್ ಯೆಮಿಯೋರುಮ್”, ನಾನು ಮಾಂಸ ತಿನ್ನುವುದಿಲ್ಲ, ಎಂದು ಬಂದ ತಕ್ಷಣವೇ ಹೇಳಿ. ಸಾರಿಗೆ ಮಾಂಸದ ರಸ ಹಾಕಿದ್ದಾರೆಯೇ ಎಂದೂ ಕೇಳಿ.

ಮನೆಯ ಹಿರಿಯ ಹೆಂಗಸನ್ನು ‘ತೆಯ್ಜೆ’ ಎಂದು ಕರೆಯಿರಿ. ತಾಯಿಯ ಅಕ್ಕತಂಗಿಯರಿಗೆ ಅಲ್ಲಿರುವ ಪದ ಅದು, ನಾವು ದೊಡ್ಡಮ್ಮ, ಚಿಕ್ಕಮ್ಮ ಎನ್ನುವಂತೆ. ಊಟ ಮುಗಿಸಿ “ಎಲಿನಿಜೆ ಸಾಲಿಕ್”, ನಿಮ್ಮ ಕೈಗೆ ಆರೋಗ್ಯವಿರಲಿ, ಎಂದರೆ ಅವರ ಮುಖ ಅರಳುತ್ತದೆ. ದಾರಿಯಲ್ಲಿ ಹೊಲದ ಕೆಲಸದಲ್ಲಿರುವವರಿಗೆ “ಕೊಲಾಯ್ ಗೆಲ್ಸಿನ್”, ಕೆಲಸ ಹಗುರಾಗಲಿ, ಎನ್ನದೆ ಮುಂದೆ ಹೋಗಬೇಡಿ.

ಏಳನೆಯದು: ಪೂರ್ವದ ದೀಪಸ್ತಂಭದ ದಿನ

ಐದನೆಯ ದಿನ ಹೆದ್ದಾರಿಯಲ್ಲಿ ಫೆತಿಯೆ ಕಡೆಯಿಂದ ಬರುವ ಕರಾವಳಿ ಬಸ್ ಹಿಡಿದು ಕುಮ್ಲುಜಾ, ಅಲ್ಲಿಂದ ಡೋಲ್ಮುಶ್‌ನಲ್ಲಿ ಕರಾಓಜ್. ಆರನೆಯ ದಿನವೇ ಈ ಕ್ರಮದ ಅತ್ಯಂತ ಕಠಿಣ ದಿನ. ಕರಾಓಜ್‌ನಿಂದ ಗೆಲಿದೋನ್ಯ ದೀಪಸ್ತಂಭದ ಮೂಲಕ ಅದ್ರಾಸಾನ್‌ಗೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು, ಎಂಟೊಂಬತ್ತು ಗಂಟೆ. ನಡುವೆ ನಂಬಬಹುದಾದ ನೀರು ಇಲ್ಲ. ಐದು ಲೀಟರ್ ಹೊತ್ತುಕೊಂಡು ಬೆಳಕು ಹರಿಯುವಾಗಲೇ ಹೊರಡಿ. ಮಧ್ಯಾಹ್ನ ಹನ್ನೆರಡರೊಳಗೆ ದೀಪಸ್ತಂಭ ತಲುಪದಿದ್ದರೆ, ಅಥವಾ ಆಗಲೇ ಅರ್ಧಕ್ಕಿಂತ ಹೆಚ್ಚು ನೀರು ಮುಗಿದಿದ್ದರೆ, ಬಂದ ದಾರಿಯಲ್ಲೇ ಕರಾಓಜ್‌ಗೆ ಹಿಂತಿರುಗಿ. ಆಚೆಯ ಭಾಗ ಈಚೆಯದಕ್ಕಿಂತ ಉದ್ದ.

1936ರಲ್ಲಿ ಕಟ್ಟಿದ ಆ ದೀಪಸ್ತಂಭ ಕಡಲಿನಿಂದ 227 ಮೀ. ಎತ್ತರದ ಭೂಶಿರದ ಮೇಲೆ ನಿಂತಿದೆ. ಎದುರಿಗೆ ಐದು ಬೋಳು ದ್ವೀಪಗಳು. ಆ ನೀರಿನಡಿಯಲ್ಲೇ ಮೂರು ಸಾವಿರ ವರ್ಷಕ್ಕೂ ಹಿಂದೆ ತಾಮ್ರದ ಗಟ್ಟಿಗಳನ್ನು ಹೊತ್ತ ಹಡಗೊಂದು ಮುಳುಗಿತ್ತು. 1960ರಲ್ಲಿ ಜಾರ್ಜ್ ಬಾಸ್ ಮತ್ತು ಸಂಗಡಿಗರು ಅದನ್ನು ಉತ್ಖನನ ಮಾಡಿದರು. ಕಡಲತಳದ ಪುರಾತತ್ವಕ್ಕೆ ಬುನಾದಿ ಹಾಕಿದ ಕೆಲಸ ಅದು. ನೆರಳಿನಲ್ಲಿ ಕುಳಿತು ಅಲೆ ಬಡಿಯುವ ಆ ದ್ವೀಪಗಳನ್ನು ನೋಡಿದರೆ, ಹಡಗು ಯಾಕೆ ಒಡೆಯಿತು ಎಂದು ಯಾರೂ ಹೇಳಬೇಕಾಗುವುದಿಲ್ಲ.

ಇಲ್ಲಿಯ ಪೈನ್ ಕಾಡಿನಲ್ಲಿ ವಸಂತದಲ್ಲಿ ಒಂದು ಎಚ್ಚರಿಕೆ. ಕೊಂಬೆಗಳ ತುದಿಯಲ್ಲಿ ಬಿಳಿ ರೇಷ್ಮೆಯ ಗೂಡು ಕಂಡರೆ ಅದರಡಿ ಕೂರಬೇಡಿ. ಅದು ಕಂಬಳಿಹುಳುವಿನ ಮನೆ. ಅವು ಒಂದರ ಬಾಲಕ್ಕೆ ಇನ್ನೊಂದು ತಲೆಯಿಟ್ಟು ಸಾಲಾಗಿ ದಾರಿ ದಾಟುತ್ತವೆ. ನಮ್ಮ ಕಂಬಳಿಹುಳುವಿಗಿಂತ ಇದರ ಕೂದಲಿನ ನವೆ ಘೋರ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ. ಮಂದೆ ಕಾಯುವ ನಾಯಿಗಳು ಎದುರಾದರೆ ಓಡಬೇಡಿ, ಕೋಲು ಎತ್ತಬೇಡಿ. ನಿಂತು ಕುರಿಗಾಹಿಯನ್ನು ಕೂಗಿ, ಮಂದೆಯನ್ನು ದೂರದಿಂದ ಬಳಸಿ ಹೋಗಿ. ಯಾವ ತಿಂಗಳಾದರೂ ಕಾಡಿನಲ್ಲಿ ಬೆಂಕಿ ಹಚ್ಚಬೇಡಿ, ಬೀಡಿ ಸಿಗರೇಟು ಸೇದಬೇಡಿ. ಈ ಪೈನ್ ಮರದ ಮೈಯೆಲ್ಲ ರಾಳ. ಯಾವ ಆಪತ್ತಿಗೂ ಕರೆ ಮಾಡಬೇಕಾದ ಸಂಖ್ಯೆ 112.

ಕೊನೆಯ ದಿನ

ಅದ್ರಾಸಾನ್‌ನಿಂದ ಮೂಸಾ ಬೆಟ್ಟದ ಹೆಗಲನ್ನು ದಾಟಿ ಒಲಿಂಪೋಸ್, ಆರೇಳು ಗಂಟೆ. ಇಳಿಜಾರಿನ ಕೊನೆಗೆ ಲಾರೆಲ್ ಪೊದೆಗಳ ನಡುವೆ ಕಲ್ಲಿನ ಗೋರಿಗಳು ಕಾಣತೊಡಗುತ್ತವೆ. ಹಾಗೇ ನಡೆಯುತ್ತಾ ಒಂದು ಹಾಳುನಗರದೊಳಗೆ ಬಂದಿರುತ್ತೀರಿ. ಈ ಕರಾವಳಿಯ ಪ್ರಾಚೀನ ನಾಡಾದ ಲಿಸಿಯಾದ ನಗರಗಳು ಒಂದು ಒಕ್ಕೂಟ ಕಟ್ಟಿಕೊಂಡಿದ್ದವು, ದೊಡ್ಡ ನಗರಕ್ಕೆ ಮೂರು ಮತ, ಸಣ್ಣದಕ್ಕೆ ಒಂದು. ಮೂರು ಮತವಿದ್ದ ಆರು ನಗರಗಳಲ್ಲಿ ಒಲಿಂಪೋಸ್ ಒಂದು. ಪ್ರವೇಶಕ್ಕೆ ಟಿಕೆಟ್ ಇದೆ, ಸ್ವಲ್ಪ ನಗದು ಇಟ್ಟುಕೊಳ್ಳಿ. ನಗರದ ನಡುವೆ ಹರಿಯುವ ತೊರೆ ಕಡಲು ಸೇರುವಲ್ಲಿ, ಏಳು ದಿನದಲ್ಲಿ ಮೊದಲ ಬಾರಿಗೆ ಮೊಣಕಾಲುದ್ದ ಸಿಹಿನೀರಿನಲ್ಲಿ ನಿಂತೆ. ಚೀಲ ಇಳಿಸಿ ಬಹಳ ಹೊತ್ತು ಅಲ್ಲೇ ಇದ್ದೆ.

ಕಡಲತೀರದ ಗುಂಡುಕಲ್ಲುಗಳ ಮೇಲೆ ನಡೆದು ಚಿರಾಲಿ ಸೇರಿ ಕೋಣೆ ಹಿಡಿಯಿರಿ. ಕತ್ತಲಾದ ಮೇಲೆ ಯಾನಾರ್ತಾಶ್‌ಗೆ ಹೋಗಬೇಕು, ‘ಉರಿಯುವ ಕಲ್ಲು’ ಎಂದೇ ಆ ಹೆಸರಿನ ಅರ್ಥ. ಟಿಕೆಟ್ ಕಟ್ಟೆಯಿಂದ ಒಂದು ಕಿ.ಮೀ.ನಷ್ಟು ಮೆಟ್ಟಿಲೇರು. ಬೋಳುಬಂಡೆಯ ಬಿರುಕುಗಳಿಂದ ಹೊರಬರುವ ಮೀಥೇನ್ ಅನಿಲ ಪುರಾತನ ಕಾಲದಿಂದಲೂ ಉರಿಯುತ್ತಿದೆ. ಗ್ರೀಕರ ಬೆಂಕಿಯುಗುಳುವ ಕಿಮೈರಾ ಪ್ರಾಣಿಯ ಕಥೆಯನ್ನು ಈ ಜಾಗಕ್ಕೆ ಜೋಡಿಸುತ್ತಾರೆ. ಟಾರ್ಚ್ ಒಯ್ಯಿರಿ, ಮೆಟ್ಟಿಲುಗಳು ಒಂದೇ ಎತ್ತರಕ್ಕಿಲ್ಲ. ಒಂದು ಲೀಟರ್ ನೀರೂ ಇರಲಿ.

ಮರುದಿನ ಬೆಳಿಗ್ಗೆ ಚಿರಾಲಿಯಿಂದ ಡೋಲ್ಮುಶ್ ಏಳು ಕಿ.ಮೀ. ಮೇಲಿನ ಹೆದ್ದಾರಿಗೆ ಏರುತ್ತದೆ. ಮೊದಲ ಗಾಡಿ ಎಷ್ಟು ಹೊತ್ತಿಗೆ ಎಂದು ರಾತ್ರಿಯೇ ಕೇಳಿಕೊಳ್ಳಿ. ಹೆದ್ದಾರಿಯ ಅಂಗಡಿಯ ಮುಂದೆ ನಿಂತರೆ ಅಂತಾಲ್ಯದ ಬಸ್ಸುಗಳು ಬರುತ್ತಲೇ ಇರುತ್ತವೆ.